ವಿಜಯಪುರದ ಸೀಮೆಯಲ್ಲಿದ್ದುಕೊಂಡೇ ಲಿಂಗತ್ವ ಮತ್ತು ಲೈಂಗಿಕತೆಯನ್ನು ಪದವಿ ಮಟ್ಟದಲ್ಲಿ ಓದುವುದು ಹೇಗೆ: ಸಮಗ್ರ ಮಾರ್ಗದರ್ಶಿ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಪದವಿ ಕಾಲೇಜುಗಳಲ್ಲಿ ಪ್ರವೇಶ ಕೇಳಲು ಹೋದ ವಿದ್ಯಾರ್ಥಿಗೆ 'ಲಿಂಗತ್ವ ಮತ್ತು ಲೈಂಗಿಕತೆ' ಎಂಬ ಹೆಸರಿನ ಬಿ.ಎ. ಸಾಮಾನ್ಯವಾಗಿ ಎಲ್ಲಿಯೂ ಕಾಣಿಸುವುದಿಲ್ಲ. ಅರ್ಜಿಯಲ್ಲಿ ಇರುವುದು ಇತಿಹಾಸ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಐಚ್ಛಿಕ ಕನ್ನಡದಂತಹ ಪರಿಚಿತ ವಿಷಯಗಳು. ಇದನ್ನು ಕಂಡು ಆಸೆಯನ್ನೇ ಬಿಟ್ಟವರನ್ನೂ, ದೂರದ ಊರಿನ ದುಬಾರಿ ಖಾಸಗಿ ವಿಶ್ವವಿದ್ಯಾಲಯವೊಂದೇ ಗತಿ ಎಂದುಕೊಂಡವರನ್ನೂ ಬೋಧನೆಯ ವೃತ್ತಿಯಲ್ಲಿ ನಾನು ಕಂಡಿದ್ದೇನೆ. ಎರಡಕ್ಕೂ ಕಾರಣವಿಲ್ಲ. ವಿಷಯಗಳನ್ನು ಸರಿಯಾಗಿ ಆರಿಸಿಕೊಂಡು, ಮೂರು ವರ್ಷಗಳ ಓದನ್ನು ಮೊದಲೇ ಯೋಜಿಸಿಕೊಂಡು, ಊರಿನ ಬದುಕನ್ನು ಶಿಸ್ತಿನಿಂದ ಗಮನಿಸಲು ಕಲಿತರೆ ಈ ಅಧ್ಯಯನವನ್ನು ಇಲ್ಲಿಯೇ ಗಟ್ಟಿಯಾಗಿ ಮಾಡಬಹುದು. ಸವದತ್ತಿಯ ಗುಡ್ಡ, ಇಳಕಲ್ಲಿನ ಮಗ್ಗ, ಗುಳೆ ಹೋಗುವ ಕುಟುಂಬಗಳು, ವಚನಕಾರ್ತಿಯರ ಪರಂಪರೆ ಇವೆಲ್ಲ ಒಂದೇ ಸೀಮೆಯಲ್ಲಿ ಸಿಗುವ ಭಾಗ್ಯ ದೊಡ್ಡ ನಗರದ ವಿದ್ಯಾರ್ಥಿಗೆ ಇಲ್ಲ.

ಏನನ್ನು ಓದಲು ಹೊರಟಿದ್ದೇವೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ

ದೇಹದ ಲಕ್ಷಣಗಳಿಂದ ಗುರುತಿಸುವುದು ಲಿಂಗ. ಆ ಲಕ್ಷಣಗಳ ಮೇಲೆ ಸಮಾಜವು ಹೊರಿಸುವ ನಡೆ, ಉಡುಗೆ, ಕೆಲಸ, ಹಕ್ಕು, ನಿರ್ಬಂಧಗಳು ಹಾಗೂ ವ್ಯಕ್ತಿಯೊಬ್ಬರು ತಮ್ಮನ್ನು ತಾವು ಗುರುತಿಸಿಕೊಳ್ಳುವ ರೀತಿ ಲಿಂಗತ್ವ. ಆಕರ್ಷಣೆ, ಬಯಕೆ, ದಾಂಪತ್ಯ ಮತ್ತು ಅವುಗಳ ಮೇಲೆ ಕುಟುಂಬ, ಜಾತಿ, ಧರ್ಮ, ಸರ್ಕಾರಗಳು ಇಡುವ ನಿಗಾ ಲೈಂಗಿಕತೆಯ ಅಧ್ಯಯನಕ್ಕೆ ಸೇರುತ್ತವೆ. ಈ ಅಧ್ಯಯನದ ಮೂಲಪ್ರಶ್ನೆ ಸರಳವಾದುದು: 'ಇದು ಸಹಜ, ಇದು ಹೀಗೆಯೇ ಇರುವುದು' ಎಂದು ನಾವು ಒಪ್ಪಿಕೊಂಡಿರುವ ವ್ಯವಸ್ಥೆ ಯಾವಾಗ, ಯಾರಿಂದ, ಯಾರ ಅನುಕೂಲಕ್ಕಾಗಿ ಏರ್ಪಟ್ಟಿತು?

ಪಶ್ಚಿಮದಲ್ಲಿ ಮಹಿಳಾ ಅಧ್ಯಯನ 1970ರ ಹೊತ್ತಿಗೆ ವಿಶ್ವವಿದ್ಯಾಲಯಗಳನ್ನು ಪ್ರವೇಶಿಸಿತು. ಭಾರತದಲ್ಲಿ ಅದಕ್ಕೆ ಬಲವಾದ ತಳಹದಿ ಹಾಕಿದ್ದು, ಮಹಿಳೆಯರ ಸ್ಥಾನಮಾನ ಕುರಿತು ಕೇಂದ್ರ ಸರ್ಕಾರ ನೇಮಿಸಿದ್ದ ಸಮಿತಿಯ 1974ರ ವರದಿ. ಸ್ವಾತಂತ್ರ್ಯ ಬಂದು ಕಾಲು ಶತಮಾನ ಕಳೆದರೂ ಸಂವಿಧಾನ ಕೊಟ್ಟ ಸಮಾನತೆ ಬಹುಪಾಲು ಮಹಿಳೆಯರ ಬದುಕನ್ನು ಮುಟ್ಟಿಲ್ಲವೆಂದು ಅದು ಆಧಾರಸಹಿತ ತೋರಿಸಿತು. ಪುರುಷತ್ವ, ಲಿಂಗತ್ವ ಅಲ್ಪಸಂಖ್ಯಾತರು (ಹುಟ್ಟಿದಾಗ ಗುರುತಿಸಿದ ಲಿಂಗಕ್ಕೆ ಹೊಂದದ ಲಿಂಗತ್ವದವರು), ಸಲಿಂಗ ಪ್ರೇಮ ಮುಂತಾದವು ಈ ಶಿಸ್ತಿನೊಳಗೆ ಬಂದದ್ದು ಅನಂತರ. ಆದ್ದರಿಂದ ಇದು ಹೆಣ್ಣುಮಕ್ಕಳಿಗೆ ಮಾತ್ರ ಸಂಬಂಧಿಸಿದ ಓದು ಎಂದು ಗಂಡುಮಕ್ಕಳು ದೂರ ನಿಲ್ಲಬೇಕಾಗಿಲ್ಲ. 'ಗಂಡಸಾಗಿ ಅಳ್ತೀಯೇನೋ' ಎಂದು ಎಳೆಯ ಹುಡುಗನನ್ನು ಗದರುವ ರೂಢಿ ಕೂಡ ಇಲ್ಲಿ ಅಧ್ಯಯನದ ವಸ್ತುವೇ.

ಕಾಲೇಜು ಮತ್ತು ವಿಷಯಗಳ ಆಯ್ಕೆ

ವಿಜಯಪುರದ ಹತ್ತಿರದ ತೊರವಿಯಲ್ಲಿ ಕರ್ನಾಟಕ ರಾಜ್ಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. 2003ರಲ್ಲಿ ಕರ್ನಾಟಕ ರಾಜ್ಯ ಮಹಿಳಾ ವಿಶ್ವವಿದ್ಯಾಲಯವಾಗಿ ಆರಂಭವಾದ ಅದು 2017ರಲ್ಲಿ ಅಕ್ಕಮಹಾದೇವಿಯ ಹೆಸರು ಪಡೆಯಿತು. ಅಲ್ಲಿ ಮಹಿಳಾ ಅಧ್ಯಯನಕ್ಕೆ ಪ್ರತ್ಯೇಕ ಸ್ನಾತಕೋತ್ತರ ವಿಭಾಗವಿದೆ. ಅದರ ಸಂಯೋಜಿತ ಮಹಿಳಾ ಕಾಲೇಜುಗಳಲ್ಲಿ ಪದವಿಗೆ ಸೇರಬಯಸುವವರು ಮಹಿಳಾ ಅಧ್ಯಯನ ಐಚ್ಛಿಕ ವಿಷಯವಾಗಿ ಈ ವರ್ಷ ಯಾವ ಕಾಲೇಜಿನಲ್ಲಿದೆ, ಅದನ್ನು ಪಾಠ ಮಾಡುವ ಅಧ್ಯಾಪಕರು ನಿಜಕ್ಕೂ ಇದ್ದಾರೆಯೇ ಎಂಬ ಎರಡು ಪ್ರಶ್ನೆಗಳನ್ನು ಪ್ರವೇಶದ ಮೊದಲೇ ಕೇಳಬೇಕು. ಪಟ್ಟಿಯಲ್ಲಿ ವಿಷಯವಿದ್ದು ಕಲಿಸುವವರಿಲ್ಲದಿದ್ದರೆ ಒಂದಿಡೀ ಸೆಮಿಸ್ಟರ್ ಗೈಡ್ ಪುಸ್ತಕದ ಮೇಲೆಯೇ ಸಾಗಿಹೋಗುತ್ತದೆ.

ಗಂಡುಮಕ್ಕಳಿಗೂ ಸಹಶಿಕ್ಷಣದ ಕಾಲೇಜು ಬಯಸುವ ಹೆಣ್ಣುಮಕ್ಕಳಿಗೂ 2010ರಲ್ಲಿ ಸ್ಥಾಪನೆಯಾದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳಿವೆ. ಬಾಗಲಕೋಟೆ ಜಿಲ್ಲೆಯವರು ತಮ್ಮ ಕಾಲೇಜು ಈಗ ಯಾವ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದೆ ಎಂಬುದನ್ನು ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು, ಏಕೆಂದರೆ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಆರಂಭವಾದ ಮೇಲೆ ಆ ಭಾಗದ ಪಠ್ಯಕ್ರಮವನ್ನೂ ಪರೀಕ್ಷೆಯನ್ನೂ ನೋಡಿಕೊಳ್ಳುವವರು ಬದಲಾಗಿದ್ದಾರೆ. ಪ್ರವೇಶದ ಅರ್ಜಿಯನ್ನು ರಾಜ್ಯದ ವಿಶ್ವವಿದ್ಯಾಲಯಗಳಿಗೆಲ್ಲ ಒಂದೇ ಆಗಿರುವ ಯುಯುಸಿಎಂಎಸ್ ಜಾಲತಾಣದಲ್ಲಿಯೂ ವಿದ್ಯಾರ್ಥಿವೇತನದ ಅರ್ಜಿಯನ್ನು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿಯೂ ಸಲ್ಲಿಸುವುದು ಎಲ್ಲ ಪದವಿ ವಿದ್ಯಾರ್ಥಿಗಳಿಗೂ ಇರುವ ಕ್ರಮವೇ.

2024–25ರಿಂದ ಕರ್ನಾಟಕದ ಬಿ.ಎ. ಮತ್ತೆ ಮೂರು ವರ್ಷಗಳ, ಮೂರು ಪ್ರಧಾನ ವಿಷಯಗಳ ಪದವಿಯಾಗಿದೆ. ಈ ಮೂರು ವಿಷಯಗಳ ಆಯ್ಕೆಯಲ್ಲಿಯೇ ನಿಮ್ಮ ಮುಂದಿನ ಓದಿನ ಅರ್ಧ ನಿರ್ಧಾರವಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಸಮಾಜಶಾಸ್ತ್ರ ಇರಲೇಬೇಕು, ಏಕೆಂದರೆ ಕುಟುಂಬ, ವಿವಾಹ, ಬಂಧುತ್ವ, ಜಾತಿ ಇವುಗಳನ್ನು ಪರೀಕ್ಷಿಸುವ ಪದ್ಧತಿಯನ್ನು ಕಲಿಸುವುದು ಅದೇ. ಎರಡನೆಯದಾಗಿ ಇತಿಹಾಸವನ್ನೋ ಅರ್ಥಶಾಸ್ತ್ರವನ್ನೋ ನಿಮ್ಮ ಒಲವಿನಂತೆ ಆರಿಸಿಕೊಳ್ಳಿ: ದುಡಿಮೆ, ಕೂಲಿ, ಆಸ್ತಿಯ ಪ್ರಶ್ನೆಗಳು ನಿಮ್ಮನ್ನು ಎಳೆಯುವುದಾದರೆ ಅರ್ಥಶಾಸ್ತ್ರ, ರೂಢಿ ಮತ್ತು ಕಾನೂನು ಬದಲಾದ ಬಗೆ ಎಳೆಯುವುದಾದರೆ ಇತಿಹಾಸ. ಮೂರನೆಯದು ಐಚ್ಛಿಕ ಕನ್ನಡ ಆಗಿರಲಿ ಎಂದು ನಾನು ಒತ್ತಿ ಹೇಳುತ್ತೇನೆ. ಬರೆಯಲು ಬಾರದ ಹೆಂಗಸರು ತಮ್ಮ ತವರು, ಅತ್ತೆಮನೆ, ಬಂಜೆತನದ ನಿಂದೆ, ಸವತಿಯ ಸಂಕಟಗಳನ್ನು ಹೇಳಿಕೊಂಡಿರುವುದು ಬೀಸುವ ಪದಗಳಲ್ಲಿ. ಅಕ್ಕಮಹಾದೇವಿ ತನ್ನ ಮದುವೆಯನ್ನೂ ಉಡುಗೆಯನ್ನೂ ಕುರಿತು ನಿಲುವು ತೆಗೆದುಕೊಂಡದ್ದು ವಚನದಲ್ಲಿ. ಮೊಲೆ ಮುಡಿಗಳಿಂದ ಹೆಣ್ಣೆಂದೂ ಗಡ್ಡ ಮೀಸೆಗಳಿಂದ ಗಂಡೆಂದೂ ಕರೆದರೂ ನಡುವೆ ಸುಳಿಯುವ ಆತ್ಮ ಎರಡೂ ಅಲ್ಲ ಎಂದ ಜೇಡರ ದಾಸಿಮಯ್ಯನ ವಚನವನ್ನು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದವರಿಗೆ ಈ ಅಧ್ಯಯನದ ಮೊದಲ ಪ್ರಶ್ನೆ ಆಗಲೇ ಎದುರಾಗಿದೆ. ಇಂತಹ ಸಾಮಗ್ರಿಯನ್ನು ಸಾಹಿತ್ಯದ ಶಿಸ್ತಿನಿಂದ ಓದಲು ಬಾರದವರು ಮುಂದೆ ಇಂಗ್ಲಿಷಿನಿಂದ ಎರವಲು ತಂದ ಉದಾಹರಣೆಗಳ ಮೇಲೆಯೇ ಅವಲಂಬಿಸಬೇಕಾಗುತ್ತದೆ.

ಇನ್ನೊಂದು ಅನುಕೂಲವಿದೆ. ಇಗ್ನೊ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಪ್ರಾದೇಶಿಕ ಕೇಂದ್ರ ವಿಜಯಪುರದಲ್ಲಿಯೇ ಇದೆ. ಆ ವಿಶ್ವವಿದ್ಯಾಲಯದಲ್ಲಿ ಲಿಂಗತ್ವ ಮತ್ತು ಅಭಿವೃದ್ಧಿ ಅಧ್ಯಯನಕ್ಕೆ ಪ್ರತ್ಯೇಕ ನಿಕಾಯವಿದ್ದು, ಪದವಿ ಮಟ್ಟದಲ್ಲಿಯೂ ಸ್ನಾತಕೋತ್ತರ ಮಟ್ಟದಲ್ಲಿಯೂ ಈ ವಿಷಯವನ್ನು ಕಲಿಸುತ್ತಾರೆ. ಅದರ ಪಠ್ಯಗಳು ಇ-ಜ್ಞಾನಕೋಶ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ಒಂದು ಪದವಿಯನ್ನು ಕಾಲೇಜಿಗೆ ಹೋಗಿ, ಇನ್ನೊಂದನ್ನು ದೂರಶಿಕ್ಷಣದಲ್ಲಿ ಏಕಕಾಲಕ್ಕೆ ಓದಲು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2022ರಲ್ಲಿ ಅವಕಾಶ ಕೊಟ್ಟಿದೆ. ಆದರೂ ಮೊದಲ ವರ್ಷದಲ್ಲಿಯೇ ಎರಡು ಪದವಿಗಳ ಭಾರ ಹೊರುವುದಕ್ಕಿಂತ, ಪಠ್ಯವನ್ನು ಉಚಿತವಾಗಿ ಇಳಿಸಿಕೊಂಡು ನಿಮ್ಮ ಸಮಾಜಶಾಸ್ತ್ರದ ಪಾಠದ ಜೊತೆಗೆ ಓದಿಕೊಳ್ಳುವುದು ಹೆಚ್ಚು ಫಲದಾಯಕ.

ಮನೆಯವರೊಂದಿಗೆ ಮಾತು

'ಇದನ್ನ ಓದಿ ಮುಂದ ಏನ್ ಮಾಡ್ತಿ?' ಎಂಬ ಪ್ರಶ್ನೆಯನ್ನು ಅಪ್ಪ ಕೇಳಿಯೇ ಕೇಳುತ್ತಾರೆ, ಮತ್ತು ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ವಾದದ ಮೂಲಕ ಉತ್ತರ ಕೊಡುವುದಕ್ಕಿಂತ ಮಾಹಿತಿಯ ಮೂಲಕ ಕೊಡಿ. ನೀವು ಸೇರುತ್ತಿರುವುದು ಸಾಮಾನ್ಯ ಬಿ.ಎ. ಪದವಿಗೇ ಆದ್ದರಿಂದ ಪದವೀಧರರು ಬರೆಯಬಹುದಾದ ಸ್ಪರ್ಧಾತ್ಮಕ ಪರೀಕ್ಷೆಗಳ ಬಾಗಿಲು ಮುಚ್ಚುವುದಿಲ್ಲ, ಬಿ.ಇಡಿ., ಕಾನೂನು, ಸಮಾಜಕಾರ್ಯದ ಓದಿಗೂ ಅಡ್ಡಿಯಿಲ್ಲ ಎಂಬುದನ್ನು ಸಾವಧಾನವಾಗಿ ವಿವರಿಸಿ. ಅವ್ವನೊಂದಿಗೆ ಮಾತು ಬೇರೆ ರೀತಿಯಲ್ಲಿ ಸಾಗಬಹುದು. ಆಕೆಯ ಓದು ಯಾವ ತರಗತಿಗೆ, ಯಾವ ಕಾರಣಕ್ಕೆ ನಿಂತಿತು ಎಂದು ಕೇಳಿ, ಸುಮ್ಮನೆ ಕುಳಿತು ಕೇಳಿಸಿಕೊಳ್ಳಿ. ನೀವು ಓದಲಿರುವುದು ಏನೆಂದು ಆಕೆಗೆ ಬೇರೆ ವಿವರಣೆ ಬೇಕಾಗಲಿಕ್ಕಿಲ್ಲ.

ತಮ್ಮ ಲಿಂಗತ್ವ ಅಥವಾ ಆಕರ್ಷಣೆಯ ಪ್ರಶ್ನೆಯೇ ಈ ಓದಿಗೆ ಪ್ರೇರಣೆಯಾಗಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ವಿಷಯವನ್ನು ಆರಿಸಿಕೊಂಡ ಮಾತ್ರಕ್ಕೆ ನಿಮ್ಮ ಖಾಸಗಿ ಬದುಕನ್ನು ಯಾರ ಮುಂದೆಯೂ ತೆರೆದಿಡಬೇಕಾದ ಹೊಣೆ ನಿಮ್ಮ ಮೇಲಿಲ್ಲ. ಮನೆಯಲ್ಲಿಯಾಗಲಿ ತರಗತಿಯಲ್ಲಿಯಾಗಲಿ ಯಾವಾಗ, ಯಾರಿಗೆ, ಎಷ್ಟು ಹೇಳಬೇಕೆಂಬುದು ನಿಮ್ಮದೇ ನಿರ್ಧಾರ, ಮತ್ತು ಊಟ ವಸತಿಗೆ ಮನೆಯವರನ್ನೇ ಅವಲಂಬಿಸಿರುವವರು ಆ ನಿರ್ಧಾರಕ್ಕೆ ಅವಸರ ಮಾಡಬಾರದು. ಮನಸ್ಸು ತೀರ ಕುಗ್ಗಿದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಮೊದಲ ವರ್ಷ: ಓದಿನ ಅಡಿಪಾಯ

ಸಿದ್ಧಾಂತದ ಓದನ್ನು ಹೊರದೇಶದ ಚಿಂತಕರಿಂದ ಆರಂಭಿಸುವುದು ರೂಢಿಯಾಗಿದೆ. ನಾನು ಅಂಬೇಡ್ಕರ್ ಅವರಿಂದ ಆರಂಭಿಸಿ ಎನ್ನುತ್ತೇನೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ, 1916ರಲ್ಲಿ ಅವರು ಮಂಡಿಸಿದ ಜಾತಿಯ ಹುಟ್ಟಿನ ಕುರಿತ ಪ್ರಬಂಧದಲ್ಲಿ, ಒಳಜಾತಿ ವಿವಾಹವೇ ಜಾತಿಯ ತಿರುಳು ಎಂದೂ, ಅದನ್ನು ಕಾಪಾಡಿಕೊಳ್ಳಲು ಸತಿ, ಕಡ್ಡಾಯ ವೈಧವ್ಯ, ಬಾಲ್ಯವಿವಾಹ ಎಂಬ ಪದ್ಧತಿಗಳು ಬೇಕಾದವು ಎಂದೂ ತೋರಿಸಿದರು. ಹೆಣ್ಣಿನ ದೇಹದ ಮೇಲಿನ ಹತೋಟಿಯನ್ನು ಬಿಟ್ಟರೆ ಜಾತಿ ನಿಲ್ಲುವುದಿಲ್ಲ ಎಂಬ ಈ ಒಂದು ವಾದವನ್ನು ಸರಿಯಾಗಿ ಅರಿತವರಿಗೆ, 1989ರಲ್ಲಿ ಅಮೆರಿಕದ ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಷಾ ಜನಾಂಗ ಮತ್ತು ಲಿಂಗತ್ವದ ತಾರತಮ್ಯಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ ಎಂದು ಹೇಳಿದ್ದು ಸುಲಭವಾಗಿ ಅರ್ಥವಾಗುತ್ತದೆ. ಅನಂತರ, ಹೆಣ್ಣು ಹುಟ್ಟಿನಿಂದಲ್ಲ, ಸಮಾಜ ರೂಪಿಸುವುದರಿಂದ ಹೆಣ್ಣಾಗುತ್ತಾಳೆ ಎಂಬ, ಫ್ರಾನ್ಸಿನ ಚಿಂತಕಿ ಸಿಮೋನ್ ದ ಬೊವಾ ಅವರ 1949ರ ಗ್ರಂಥದ ಮುಖ್ಯ ವಾದವನ್ನೂ, ಲಿಂಗತ್ವವು ಮತ್ತೆ ಮತ್ತೆ ಮಾಡುವ ನಡೆಗಳಿಂದಲೇ ರೂಪುಗೊಳ್ಳುತ್ತದೆ ಎಂದು 1990ರಲ್ಲಿ ಅಮೆರಿಕದ ಚಿಂತಕರಾದ ಜೂಡಿತ್ ಬಟ್ಲರ್ ಮಂಡಿಸಿದ ವಾದವನ್ನೂ ಓದಿಕೊಳ್ಳಿ. ಬಟ್ಲರ್ ಅವರ ವಾಕ್ಯಗಳು ಪದವಿ ವಿದ್ಯಾರ್ಥಿಗೆ ಕಠಿಣವಾಗಿರುತ್ತವೆ. ಅವನ್ನು ಮೂಲದಲ್ಲಿ ಓದಲು ಮೂರನೆಯ ವರ್ಷದವರೆಗೆ ಕಾಯುವುದರಲ್ಲಿ ತಪ್ಪಿಲ್ಲ.

ಕನ್ನಡದ ಕಥನ ಸಾಹಿತ್ಯವನ್ನೂ ಇದರ ಜೊತೆಗೆ ಓದಬೇಕು. 2013ರಲ್ಲಿ ಪ್ರಕಟವಾದ ವಸುಧೇಂದ್ರ ಅವರ 'ಮೋಹನಸ್ವಾಮಿ' ಕಥಾಸಂಕಲನವು ಸಲಿಂಗ ಪ್ರೇಮಿಯೊಬ್ಬನ ಬದುಕನ್ನು ಕನ್ನಡದ ಸಾಮಾನ್ಯ ಓದುಗರ ಮುಂದಿಟ್ಟಿತು. ಕಥೆಯನ್ನು ಓದುವಾಗ ಯಾವ ಮಾತನ್ನು ಪಾತ್ರಗಳು ಬಾಯಿಬಿಟ್ಟು ಆಡುವುದಿಲ್ಲ, ಮನೆಯ ಯಾವ ಜಾಗದಲ್ಲಿ ಯಾರು ಕೂರುತ್ತಾರೆ, ಯಾರು ಉಂಡ ಮೇಲೆ ಯಾರು ಉಣ್ಣುತ್ತಾರೆ ಎಂಬಂತಹ ವಿವರಗಳನ್ನು ಗುರುತು ಹಾಕಿಕೊಳ್ಳುವ ಅಭ್ಯಾಸ ಮಾಡಿ. ಪರೀಕ್ಷೆಗೆ ಕಥಾವಸ್ತು ಸಾಕು, ಈ ಅಧ್ಯಯನಕ್ಕೆ ಅಂತಹ ವಿವರಗಳೇ ಬೇಕು.

ಅಂಕಿಅಂಶಗಳನ್ನು ಅನುಮಾನದಿಂದ ಓದಲು ಕಲಿಯಿರಿ

ಎರಡನೆಯ ವರ್ಷದ ಹೊತ್ತಿಗೆ ಸರ್ಕಾರಿ ಸಮೀಕ್ಷೆಗಳನ್ನು ನೇರವಾಗಿ ಓದುವಷ್ಟು ಧೈರ್ಯ ಬರಬೇಕು. ಒಂದು ಉದಾಹರಣೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಕುಟುಂಬದವರಿಗಾಗಿ ಮಾಡುವ ಸಂಬಳವಿಲ್ಲದ ಮನೆಗೆಲಸಕ್ಕೆ ಮಹಿಳೆಯರು ದಿನಕ್ಕೆ 299 ನಿಮಿಷ, ಪುರುಷರು 97 ನಿಮಿಷ ವ್ಯಯಿಸುತ್ತಾರೆ. ಪತ್ರಿಕೆಗಳಲ್ಲಿ ಹೆಚ್ಚಾಗಿ ಬಂದದ್ದು ಇಷ್ಟೇ. ವ್ಯತ್ಯಾಸ ಮೂರು ಪಟ್ಟು ಎಂದು ಓದಿದವರು ಅಂದುಕೊಂಡರು.

ಆದರೆ ಈ ಸರಾಸರಿ ಆ ಕೆಲಸದಲ್ಲಿ ಪಾಲ್ಗೊಂಡವರದ್ದು ಮಾತ್ರ. ಅದೇ ವರದಿಯ ಇನ್ನೊಂದು ಅಂಕಣದಲ್ಲಿ, 6 ವರ್ಷ ಮೇಲ್ಪಟ್ಟ ಮಹಿಳೆಯರಲ್ಲಿ ಶೇ 81.2ರಷ್ಟು, ಪುರುಷರಲ್ಲಿ ಶೇ 26.1ರಷ್ಟು ಮಂದಿ ಮಾತ್ರ ಸಮೀಕ್ಷೆ ಲೆಕ್ಕಕ್ಕೆ ತೆಗೆದುಕೊಂಡ ದಿನ ಮನೆಗೆಲಸ ಮಾಡಿದ್ದರು ಎಂದಿದೆ. ಎಂದರೆ ಪ್ರತಿ ನಾಲ್ವರು ಪುರುಷರಲ್ಲಿ ಸುಮಾರು ಮೂವರು ಒಂದು ಲೋಟವನ್ನೂ ತೊಳೆದಿರಲಿಲ್ಲ, ಹಾಗಾಗಿ ಅವರು 97 ನಿಮಿಷಗಳ ಲೆಕ್ಕದೊಳಗೇ ಬಂದಿಲ್ಲ. ಎಲ್ಲರನ್ನೂ ಸೇರಿಸಿ ಲೆಕ್ಕ ಹಾಕಿದರೆ ಮಹಿಳೆಯರಿಗೆ ಸುಮಾರು 243 ನಿಮಿಷ, ಪುರುಷರಿಗೆ ಸುಮಾರು 25 ನಿಮಿಷ ಬರುತ್ತದೆ. ಮೂರು ಪಟ್ಟು ಎಂದುಕೊಂಡದ್ದು ಹತ್ತಿರ ಹತ್ತಿರ ಹತ್ತು ಪಟ್ಟು! 2024ರ ಸಮೀಕ್ಷೆಯಲ್ಲಿ ಪಾಲ್ಗೊಂಡವರ ಸರಾಸರಿ 289 ಮತ್ತು 88 ನಿಮಿಷ. ಇಳಿಕೆ ಕಂಡಿದೆಯೆಂದು ಬರೆಯುವ ಮೊದಲು ಪಾಲ್ಗೊಂಡವರ ಪ್ರಮಾಣ ಏನಾಗಿದೆಯೆಂದು ನೋಡುವ ಅಭ್ಯಾಸವೇ ಇಲ್ಲಿ ಕಲಿಯಬೇಕಾದ ಪಾಠ.

ಎಣಿಕೆಯೇ ತಪ್ಪಬಹುದಾದ ಸಂದರ್ಭಗಳೂ ಇವೆ. 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎಂಬುದರ ಜೊತೆಗೆ 'ಇತರೆ' ಎಂಬ ಆಯ್ಕೆ ಮೊದಲ ಬಾರಿಗೆ ಬಂದಾಗ ದೇಶದಲ್ಲಿ 4,87,803 ಮಂದಿ ಅದರಲ್ಲಿ ದಾಖಲಾದರು. ಗಣತಿಯವರು ಮಾಹಿತಿ ಪಡೆಯುವುದು ಮನೆಯ ಯಜಮಾನರಿಂದ ಎಂಬುದನ್ನು ನೆನೆದರೆ, ಮನೆಯವರಿಂದ ಮುಚ್ಚಿಟ್ಟುಕೊಂಡವರೂ ಮನೆಯಿಂದ ಹೊರಹಾಕಲ್ಪಟ್ಟವರೂ ಎಷ್ಟು ಮಂದಿ ಆ ಸಂಖ್ಯೆಯಿಂದ ಹೊರಗುಳಿದಿರಬಹುದು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಕಾನೂನನ್ನು ತೀರ್ಪುಗಳ ಮೂಲಕ ಓದಿ

ಸುಪ್ರೀಂ ಕೋರ್ಟಿನ ತೀರ್ಪುಗಳು ಉಚಿತವಾಗಿ ಸಿಗುವ ಶ್ರೇಷ್ಠ ಪಠ್ಯಗಳು. ಮೊದಲು ಓದಬೇಕಾದದ್ದು 2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ತೀರ್ಪು. ತಮ್ಮ ಲಿಂಗತ್ವವನ್ನು ತಾವೇ ನಿರ್ಧರಿಸಿಕೊಳ್ಳುವ ಹಕ್ಕನ್ನು ಅದು ಎತ್ತಿಹಿಡಿಯಿತು, ಮತ್ತು ಎಲ್ಲಮ್ಮನ ಸೇವೆಗೆ ನಿಂತು ಹೆಣ್ಣಿನ ಉಡುಗೆ ತೊಡುವ, ನಮ್ಮ ಸೀಮೆಯ ಜೋಗಪ್ಪರ ಹೆಸರು ಆ ತೀರ್ಪಿನಲ್ಲಿಯೇ ಬರುತ್ತದೆ. ಎರಡನೆಯದು, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆದ 2018ರ ಸೆಪ್ಟೆಂಬರ್ 6ರ ನವತೇಜ್ ಸಿಂಗ್ ಜೋಹರ್ ತೀರ್ಪು. ಸುಮಾರು 500 ಪುಟಗಳ ಆ ತೀರ್ಪಿನಲ್ಲಿ ನಾಲ್ಕು ಪ್ರತ್ಯೇಕ ಅಭಿಪ್ರಾಯಗಳಿವೆ, ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಅವರದ್ದು ಎಲ್ಲಕ್ಕಿಂತ ಚಿಕ್ಕದಾದ್ದರಿಂದ ಅಲ್ಲಿಂದ ಆರಂಭಿಸಬಹುದು. 2009ರಲ್ಲಿ ದೆಹಲಿ ಹೈಕೋರ್ಟ್ ಕೊಟ್ಟ ಬಿಡುಗಡೆಯನ್ನು 2013ರಲ್ಲಿ ಸುಪ್ರೀಂ ಕೋರ್ಟ್ ರದ್ದುಗೊಳಿಸಿ, 2018ರಲ್ಲಿ ಅದೇ ನ್ಯಾಯಾಲಯ ತನ್ನ ನಿಲುವನ್ನು ತಿದ್ದಿಕೊಂಡ ಕ್ರಮವನ್ನು ಒಂದು ಪುಟದಲ್ಲಿ ಬರೆದುಕೊಳ್ಳಿ. 2023ರ ಅಕ್ಟೋಬರ್ 17ರಂದು ಸಲಿಂಗ ವಿವಾಹಕ್ಕೆ ಮಾನ್ಯತೆ ನಿರಾಕರಿಸಿದ ತೀರ್ಪನ್ನೂ ಅದರ ಕೆಳಗೆ ಸೇರಿಸಿ. 2019ರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣಾ ಕಾಯ್ದೆಯನ್ನು ಓದುವಾಗ ತಿದ್ದುಪಡಿಗಳನ್ನು ಒಳಗೊಂಡ ಇತ್ತೀಚಿನ ಪಠ್ಯವನ್ನೇ ಇಟ್ಟುಕೊಳ್ಳಿ.

ಆಸ್ತಿ ಹಕ್ಕಿನ ವಿಷಯದಲ್ಲಿ ಕರ್ನಾಟಕಕ್ಕೆ ತನ್ನದೇ ಇತಿಹಾಸವಿದೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಜನ್ಮಸಿದ್ಧ ಪಾಲು ಕೊಡುವ ತಿದ್ದುಪಡಿ ನಮ್ಮ ರಾಜ್ಯದಲ್ಲಿ 1994ರಲ್ಲಿಯೇ ಜಾರಿಗೆ ಬಂತು, ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ಈ ಭಾಗವನ್ನು ಓದಿದ ವಾರವೇ ನಿಮ್ಮ ಮನೆಯ ಹೊಲದ ಉತಾರವನ್ನು (ಪಹಣಿಯನ್ನು) ತೆಗೆಸಿ ನೋಡಿ. ಅದರಲ್ಲಿ ಯಾರ ಹೆಸರುಗಳಿವೆ, ಸೋದರತ್ತೆ, ಅಕ್ಕಂದಿರ ಹೆಸರು ಬಂದು ಹೋಗಿದ್ದರೆ ಯಾವ ವರ್ಷ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಆಯಿತು, ಸಹಿ ಮಾಡದಿದ್ದರೆ ತವರಿನ ಬಾಗಿಲು ಮುಚ್ಚೀತು ಎಂಬ ಭಯ ಅದರ ಹಿಂದಿತ್ತೇ ಎಂದು ವಿಚಾರಿಸಿ. ಕಾನೂನಿಗೂ ರೂಢಿಗೂ ನಡುವಿನ ಅಂತರವನ್ನು ಆ ಒಂದು ಹಾಳೆಯಷ್ಟು ಸ್ಪಷ್ಟವಾಗಿ ಯಾವ ಪಠ್ಯಪುಸ್ತಕವೂ ತೋರಿಸಲಾರದು.

ಕ್ಷೇತ್ರಕಾರ್ಯ: ಪ್ರಶ್ನೆ ಕೇಳುವ ಬಗೆ

ಇಳಕಲ್ಲಿನ ನೇಕಾರರ ಮನೆಯೊಂದನ್ನು ತೆಗೆದುಕೊಳ್ಳಿ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಗಂಡ ನೇಯುತ್ತಿರುತ್ತಾನೆ, ಹೆಂಡತಿ ಪಕ್ಕದಲ್ಲಿ ಕಂಡಿಕೆ (ನೂಲಿನ ಸಣ್ಣ ಉರುಳೆ) ಸುತ್ತುತ್ತಿರುತ್ತಾಳೆ. ಇಳಕಲ್ ಸೀರೆಯ ಒಡಲಿನ ಹಾಸು (ಉದ್ದಕ್ಕೆ ಹಾಯುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಬೇಕು. ನೇಯ್ಗೆ ಆರಂಭವಾಗುವ ಮೊದಲಿನ ಇಂತಹ ತಯಾರಿಯ ಕೆಲಸಗಳಲ್ಲಿ ಮನೆಯ ಹೆಂಗಸರ ಕೈ ಇದ್ದೇ ಇರುತ್ತದೆ. ನೀವು ಹೋಗಿ 'ನೀವು ಏನು ಕೆಲಸ ಮಾಡುತ್ತೀರಿ?' ಎಂದು ಆಕೆಯನ್ನು ಕೇಳಿದರೆ 'ನಾ ಏನೂ ಮಾಡಂಗಿಲ್ರೀ, ಮನ್ಯಾಗ ಇರ್ತೀನಿ' ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ, ಮತ್ತು ನಮೂನೆಯಲ್ಲಿ 'ಗೃಹಿಣಿ' ಎಂದು ದಾಖಲಾಗುತ್ತದೆ. ಅದೇ 'ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದಿರಿ?' ಎಂದು ಕೇಳಿದರೆ ನೀರು, ರೊಟ್ಟಿ, ಕಂಡಿಕೆ, ಮಕ್ಕಳು, ಮತ್ತೆ ಕಂಡಿಕೆ ಎಂದು ಪುಟ ತುಂಬುತ್ತದೆ. ಸಮಯ ಬಳಕೆ ಸಮೀಕ್ಷೆ ದೇಶಮಟ್ಟದಲ್ಲಿ ಮಾಡುವುದೂ ಇದನ್ನೇ. ಕೇಳುವ ಪ್ರಶ್ನೆ ಬದಲಾದರೆ ಕಾಣುವ ದುಡಿಮೆ ಬದಲಾಗುತ್ತದೆ ಎಂಬುದನ್ನು ಒಮ್ಮೆ ಕೈಯಾರೆ ಮಾಡಿ ಅರಿತುಕೊಂಡವರು ಮರೆಯುವುದಿಲ್ಲ. ಕಬ್ಬು ಕಡಿಯಲು ಗುಳೆ ಹೋಗುವ ಜೋಡಿಗಳಲ್ಲಿ ಮುಂಗಡ ಹಣ ಯಾರ ಕೈಗೆ ಬರುತ್ತದೆ, ಆಲಮಟ್ಟಿಯ ಹಿನ್ನೀರಿಗೆ ಮುಳುಗಿದ ಮನೆಗಳ ಪರಿಹಾರ ಯಾರ ಹೆಸರಿಗೆ ಬಂತು, ಅದರ ಖರ್ಚಿನ ನಿರ್ಧಾರ ಯಾರದಾಗಿತ್ತು ಎಂಬುವು ಇದೇ ಬಗೆಯ ಪ್ರಶ್ನೆಗಳು.

ಸವದತ್ತಿಯ ಎಲ್ಲಮ್ಮನ ಗುಡ್ಡದ ವಿಷಯ ಹೆಚ್ಚಿನ ಎಚ್ಚರ ಬೇಡುತ್ತದೆ. ಜಮದಗ್ನಿಯ ಸಾವಿನೊಂದಿಗೆ ಎಲ್ಲಮ್ಮ ಬಳೆ ಕಳೆಯುವ ಹೊಸ್ತಿಲ ಹುಣ್ಣಿಮೆ, ಮತ್ತೆ ಮುತ್ತೈದೆಯಾಗುವ ಭಾರತ ಹುಣ್ಣಿಮೆ, ಆ ಎರಡೂ ಆಚರಣೆಗಳಲ್ಲಿ ಜೋಗತಿಯರೂ ಜೋಗಪ್ಪರೂ ಪಾಲ್ಗೊಳ್ಳುವ ರೀತಿ, ಚೌಡಿಕೆ ಎಂಬ ತಂತಿವಾದ್ಯದ ಹಾಡು, ತಲೆಯ ಮೇಲಿನ ಕೊಡ: ಲಿಂಗತ್ವ, ವೈಧವ್ಯ, ಭಕ್ತಿ, ಜಾತಿ ಇವೆಲ್ಲ ಒಂದೆಡೆ ಸೇರುವ ಇಂತಹ ಕ್ಷೇತ್ರ ಮತ್ತೊಂದಿಲ್ಲ. ಅದೇ ಕಾರಣಕ್ಕೆ ಅಲ್ಲಿಯವರು ಕ್ಯಾಮೆರಾಗಳಿಂದಲೂ ಕುತೂಹಲದಿಂದಲೂ ಬೇಸತ್ತಿದ್ದಾರೆ. ಗುಡ್ಡಕ್ಕೆ ಹೋಗುವ ಮೊದಲು ಗ್ರಂಥಾಲಯದ ಕೆಲಸ ಮುಗಿದಿರಲಿ. ಹೆಣ್ಣುಮಕ್ಕಳನ್ನು ದೇವರಿಗೆ ಸಮರ್ಪಿಸುವ ದೇವದಾಸಿ ಪದ್ಧತಿಯೂ ಎಲ್ಲಮ್ಮನ ಭಕ್ತಿಯೊಂದಿಗೆ ಹೆಣೆದುಕೊಂಡಿತ್ತು; ಅದರ ವಿರುದ್ಧ ಮುಂಬಯಿ ಪ್ರಾಂತದ 1934ರ ಕಾಯ್ದೆ ಆಗ ಆ ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಗಳಿಗೂ ಅನ್ವಯವಾಗಿತ್ತು, ಕರ್ನಾಟಕ ಸಮರ್ಪಣಾ ನಿಷೇಧ ಕಾಯ್ದೆಯನ್ನು ತಂದದ್ದು 1982ರಲ್ಲಿ. ಸ್ವತಃ ಆ ಪದ್ಧತಿಯಿಂದ ಹೊರಬಂದು ಸಾವಿರಾರು ಮಹಿಳೆಯರ ಜೊತೆ ದುಡಿದ ಬೆಳಗಾವಿ ಜಿಲ್ಲೆಯ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ, ಜೋಗತಿ ಕಲೆಯನ್ನು ರಂಗಕ್ಕೆ ತಂದ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಸಂದಿತು.

ಮಾತನಾಡಿಸುವಾಗ ಪಾಲಿಸಬೇಕಾದ ನಿಯಮಗಳಲ್ಲಿ ರಾಜಿ ಇರಬಾರದು. ಮಾರ್ಗದರ್ಶಕ ಅಧ್ಯಾಪಕರ ಲಿಖಿತ ಒಪ್ಪಿಗೆಯಿಲ್ಲದೆ ಹೋಗಬೇಡಿ. ನೀವು ಯಾರು, ಯಾವುದಕ್ಕಾಗಿ ಕೇಳುತ್ತಿದ್ದೀರಿ, ಬೇಡವೆನಿಸಿದಾಗ ಅವರು ಮಾತು ನಿಲ್ಲಿಸಬಹುದು ಎಂಬುದನ್ನು ಮೊದಲೇ ತಿಳಿಸಿ. ದೇಹದ ಬಗ್ಗೆ, ಶಸ್ತ್ರಚಿಕಿತ್ಸೆಯ ಬಗ್ಗೆ, ಲೈಂಗಿಕ ಅನುಭವದ ಬಗ್ಗೆ ಅವರಾಗಿಯೇ ಹೇಳದ ಹೊರತು ಕೇಳಬೇಡಿ. ಜೋಗಪ್ಪರನ್ನು ಅವರು ಬಯಸುವ ಸಂಬೋಧನೆಯಿಂದಲೇ ಕರೆಯಿರಿ, 'ಅಕ್ಕ' ಎಂದರೆ ಅಕ್ಕ. ಟಿಪ್ಪಣಿ ಪುಸ್ತಕದಲ್ಲಿ ಕೂಡ ನಿಜವಾದ ಹೆಸರು, ಓಣಿ, ಮನೆಯ ಗುರುತು ಬರೆಯಬಾರದು, ಏಕೆಂದರೆ ಪುಸ್ತಕ ಬಸ್ಸಿನಲ್ಲಿ ಕಳೆದುಹೋಗಬಹುದು. 18 ವರ್ಷದೊಳಗಿನವರನ್ನು ಪದವಿ ವಿದ್ಯಾರ್ಥಿಗಳು ಈ ವಿಷಯದ ಮೇಲೆ ಸಂದರ್ಶಿಸಲೇಬಾರದು. ಮಗುವೊಂದರ ಮೇಲೆ ಲೈಂಗಿಕ ಅಪರಾಧ ನಡೆದಿರುವುದು ತಿಳಿದುಬಂದರೆ ಅದನ್ನು ವರದಿ ಮಾಡುವುದು 2012ರ ಪೋಕ್ಸೊ ಕಾಯ್ದೆಯಡಿ ಪ್ರತಿಯೊಬ್ಬರ ಕರ್ತವ್ಯ. ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181 ಇವು ನಿಮ್ಮ ಫೋನಿನಲ್ಲಿ ಇರಲಿ. 'ಯಾರಿಗೂ ಹೇಳುವುದಿಲ್ಲ' ಎಂದು ಭಾಷೆ ಕೊಡುವ ಮೊದಲು ಈ ಮಿತಿಯನ್ನು ಎದುರಿನವರಿಗೆ ತಿಳಿಸುವುದು ಪ್ರಾಮಾಣಿಕತೆ. ಬರೆದು ಮುಗಿಸಿದ ಮೇಲೆ ಅವರ ಕುರಿತ ಭಾಗವನ್ನು ಅವರಿಗೇ ಓದಿ ಹೇಳಿ, ಬೇಡವೆಂದದ್ದನ್ನು ತೆಗೆದುಹಾಕಿ.

ಕಿರುಪ್ರಬಂಧದ ವಸ್ತು

ಮೂರನೆಯ ವರ್ಷದಲ್ಲಿ, ಪಠ್ಯಕ್ರಮದಲ್ಲಿ ಇರಲಿ ಬಿಡಲಿ, ಒಂದು ಕಿರುಪ್ರಬಂಧ ಬರೆಯಿರಿ. ವಸ್ತು ಚಿಕ್ಕದಾಗಿರಬೇಕು. 'ಉತ್ತರ ಕರ್ನಾಟಕದಲ್ಲಿ ಮಹಿಳೆ' ಎಂಬ ವಸ್ತುವಿನ ಮೇಲೆ ಯಾರೂ ಏನನ್ನೂ ಹೊಸದಾಗಿ ಹೇಳಲಾರರು. 'ಒಂದು ಓಣಿಯ ಹತ್ತು ನೇಕಾರ ಮನೆಗಳಲ್ಲಿ ತಯಾರಿ ಕೆಲಸದ ಹಂಚಿಕೆ' ಎಂಬುದರಲ್ಲಿ ಹೊಸದು ಸಿಕ್ಕೇ ಸಿಗುತ್ತದೆ. ಕ್ಷೇತ್ರಕಾರ್ಯ ಸಾಧ್ಯವಿಲ್ಲದವರು ರಂಗಭೂಮಿಯ ಇತಿಹಾಸದತ್ತ ನೋಡಬಹುದು. ಬಾಗಲಕೋಟೆ ಜಿಲ್ಲೆಯ ಬೀಳಗಿಯ ಗೋಹರಬಾಯಿ ಮತ್ತು ಅಮೀರಬಾಯಿ ಕರ್ನಾಟಕಿ ಸೋದರಿಯರು ರಂಗಭೂಮಿ ಮತ್ತು ಸಿನಿಮಾದಲ್ಲಿ ಹೆಸರಾದ ಗಾಯಕ ನಟಿಯರು. ಗೋಹರಬಾಯಿ ಬಾಳು ಹಂಚಿಕೊಂಡದ್ದು, ಸ್ತ್ರೀಪಾತ್ರಗಳಿಂದಲೇ ಮರಾಠಿ ರಂಗಭೂಮಿಯನ್ನು ಆಳಿದ ಬಾಲಗಂಧರ್ವರೊಂದಿಗೆ. ಗಂಡಸು ಹೆಣ್ಣಿನ ಸೊಬಗಿಗೆ ಮಾದರಿಯಾಗಿದ್ದ ಕಾಲದಲ್ಲಿ ನಿಜವಾದ ನಟಿ ರಂಗಕ್ಕೆ ಬಂದರೆ ಸಮಾಜ ಅವಳನ್ನು ಹೇಗೆ ಕಂಡಿತು ಎಂಬ ಪ್ರಶ್ನೆಗೆ ಹಳೆಯ ಪತ್ರಿಕೆ, ಕರಪತ್ರ, ಧ್ವನಿಮುದ್ರಿಕೆಗಳಲ್ಲಿ ಸಾಮಗ್ರಿ ಇದೆ.

ಬರವಣಿಗೆಯಲ್ಲಿ ಒಂದು ಶಿಸ್ತು ಇಟ್ಟುಕೊಳ್ಳಿ: ಕಂಡದ್ದು, ಕೇಳಿದ್ದು, ನೀವು ಊಹಿಸಿದ್ದು ಇವು ಮೂರೂ ಬೇರೆ ಬೇರೆ ವಾಕ್ಯಗಳಲ್ಲಿ ಇರಲಿ. ಜನರು ಆಡಿದ ಮಾತನ್ನು ಗ್ರಾಂಥಿಕಕ್ಕೆ ತಿದ್ದದೆ, ಆಡಿದಂತೆಯೇ ಬರೆಯಿರಿ.

ಪದವಿಯ ನಂತರ

ಸ್ನಾತಕೋತ್ತರ ಓದಿಗೆ ವಿಜಯಪುರದ ಮಹಿಳಾ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮಹಿಳಾ ಅಧ್ಯಯನ ವಿಭಾಗ, ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ದೆಹಲಿಯ ಅಂಬೇಡ್ಕರ್ ವಿಶ್ವವಿದ್ಯಾಲಯ, ಇಗ್ನೊ ಇವುಗಳ ಪ್ರಕಟಣೆಗಳನ್ನು ಕೊನೆಯ ವರ್ಷದ ಡಿಸೆಂಬರ್‌ನಿಂದಲೇ ಗಮನಿಸುತ್ತಿರಿ. ಯುಜಿಸಿ ಪರವಾಗಿ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ (ಎನ್‌ಟಿಎ) ನಡೆಸುವ ನೆಟ್ ಪರೀಕ್ಷೆಯಲ್ಲಿ ಮಹಿಳಾ ಅಧ್ಯಯನ ಪ್ರತ್ಯೇಕ ವಿಷಯವಾಗಿದ್ದು, ಕಾಲೇಜು ಬೋಧನೆಗೆ ಅದು ದಾರಿ. ದೌರ್ಜನ್ಯಕ್ಕೊಳಗಾದ ಮಹಿಳೆಯರಿಗೆ ನೆರವಾಗುವ ಸಖಿ ಮತ್ತು ಸಾಂತ್ವನ ಕೇಂದ್ರಗಳು, ಆರೋಗ್ಯ ಮತ್ತು ಮಕ್ಕಳ ಹಕ್ಕುಗಳ ಸಂಸ್ಥೆಗಳು, ಪತ್ರಿಕೋದ್ಯಮ ಇವುಗಳಲ್ಲಿ ಈ ಓದು ನೇರವಾಗಿ ಉಪಯೋಗಕ್ಕೆ ಬರುತ್ತದೆ. 10 ಅಥವಾ ಹೆಚ್ಚು ಮಂದಿ ದುಡಿಯುವ ಪ್ರತಿ ಕೆಲಸದ ಸ್ಥಳದಲ್ಲಿ 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳದ ದೂರು ಆಲಿಸುವ ಆಂತರಿಕ ಸಮಿತಿ ಇರಲೇಬೇಕಾದ್ದರಿಂದ, ತರಬೇತಿ ಕೊಡಬಲ್ಲವರಿಗೆ ಬೇಡಿಕೆಯಿದೆ. ರಾಜ್ಯ ಸರ್ಕಾರಿ ಹುದ್ದೆಗಳ ನೇರ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಸಮತಲ ಮೀಸಲಾತಿಯನ್ನು (ಪ್ರತಿ ವರ್ಗದ ಮೀಸಲಾತಿಯೊಳಗೇ ಕೊಡುವ ಪಾಲನ್ನು) ಕರ್ನಾಟಕ 2021ರಲ್ಲಿ ತಂದಿದೆ ಎಂಬುದನ್ನೂ ಅರ್ಹರು ತಿಳಿದಿರಬೇಕು.

ಸ್ನಾತಕೋತ್ತರ ಪ್ರವೇಶದ ಸಂದರ್ಶನಕ್ಕೆ ಹೋಗುವಾಗ ಕಿರುಪ್ರಬಂಧದ ಪ್ರತಿಯನ್ನೂ, ಅದರ ಒಂದು ಪುಟದ ಇಂಗ್ಲಿಷ್ ಸಾರಾಂಶವನ್ನೂ ಜೊತೆಗಿಟ್ಟುಕೊಳ್ಳಿ. ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆಂದು ಹಿಂಜರಿಯಬೇಕಾಗಿಲ್ಲ. ಯಾರನ್ನು ಮಾತನಾಡಿಸಿದಿರಿ, ಒಪ್ಪಿಗೆ ಹೇಗೆ ಪಡೆದಿರಿ, ಮೊದಲು ಕೇಳಿದ ಪ್ರಶ್ನೆಯನ್ನು ಏಕೆ ಬದಲಿಸಿದಿರಿ ಎಂದು ಕೇಳಿದಾಗ ಟಿಪ್ಪಣಿ ಪುಸ್ತಕ ತೆರೆದು ಆ ಪುಟವನ್ನೇ ತೋರಿಸಿ.